ಒಂಬತ್ತರಲ್ಲಿ ಒಂದು ಉಂಗುರ

ಮರುಳಯ್ಯ ಮೊದಲ ಸಲ ಮನೆ ಬಿಟ್ಟು ನಡೆದದ್ದು ಶಿವರಾತ್ರಿಯ ಮಾರನೆಯ ದಿನ. ಆರನೇ ತರಗತಿಯ ಪುಸ್ತಕದ ಚೀಲವನ್ನು ದಾರಿಬದಿಯ ಬೇಲಿಗೆ ನೇತುಹಾಕಿ, ಕಲ್ಲು ತುಂಬಿದ ಲಾರಿ ಹತ್ತಿದ. ಯಾರಿಗೂ ಹೇಳಲಿಲ್ಲ. ಆಮೇಲೆ ಬಿಟ್ಟ ಊರುಗಳಲ್ಲೂ ಹಾಗೆಯೇ ಆಯಿತು. ಕಡೂರಿನಲ್ಲಿ ಕಟ್ಟಿಕೊಂಡ ಹೆಂಡತಿಗೂ ಹೇಳಲಿಲ್ಲ. ಎಣ್ಣೆ ತರುತ್ತೇನೆಂದು ಡಬ್ಬಿ ಹಿಡಿದು ಹೊರಟವನು ಡಬ್ಬಿಯನ್ನು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಇಟ್ಟು, ಬಸ್ಸು ಹತ್ತಿದ್ದ.

ಕೂದಲು ನರೆತ ಮೇಲೆ ಹೊಳೆದಂಡೆಯ ಅಯ್ಯನವರ ಆಶ್ರಮಕ್ಕೆ ಬಂದ. ಬಂದು ನಾಲ್ಕು ವರ್ಷವಾಗಿತ್ತು. ಇಷ್ಟು ದಿನ ಅವನು ಬೇರೆಲ್ಲೂ ನಿಂತವನಲ್ಲ. ಈ ಸಲ ನಿಲ್ಲಬೇಕೆಂದು ಅವನಿಗೇ ಆಸೆ ಹುಟ್ಟಿತ್ತು. ಬೆಳಗಾದರೆ ಅವನಿಗೆ ದೀಕ್ಷೆ.

ಆಶ್ರಮದಲ್ಲಿ ಏಳು ನೇಮಗಳಿದ್ದವು. ಆರನ್ನು ಅವನು ನೀರು ಕುಡಿದಷ್ಟು ಸುಲಭವಾಗಿ ನಡೆಸಿಕೊಂಡು ಬಂದಿದ್ದ. ಏಳನೆಯದು ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದು ದೊಡ್ಡ ನೇಮವೇನೂ ಅಲ್ಲ. ಎಲ್ಲಿಗೆ ಹೋದರೂ, ಇದ್ದವರಿಗೆ ಹೇಳಿ ಹೋಗಬೇಕು. ಅಷ್ಟೇ.

ಮಧ್ಯಾಹ್ನದ ಊಟವಾದ ಮೇಲೆ ಅವನು ಜಗಲಿಗೆ ಬಂದು ಅಯ್ಯನವರ ಮುಂದೆ ಕೂತ.

"ಅಯ್ಯನವರೇ, ಏಳರಲ್ಲಿ ಒಂದನ್ನು ನನಗೆ ಬಿಟ್ಟುಕೊಟ್ಟರೆ, ಉಳಿದ ಆರು ಕೆಟ್ಟುಹೋಗುತ್ತವೆಯೇ?"

ಯಾವುದು ಎಂದು ಅಯ್ಯನವರು ಕೇಳಿದರು. ಹೇಳಿ ಹೋಗುವ ನೇಮ ಎಂದ. ತಾನು ಎಲ್ಲಿಗೂ ಹೋಗುವುದಿಲ್ಲವೆಂದೂ, ಆದರೆ ಹೇಳಲೇಬೇಕು ಎಂದಾಗ ಕೊರಳಿಗೆ ಹಗ್ಗ ಬಿದ್ದಂತಾಗುತ್ತದೆಂದೂ, ಆ ಒಂದು ಇಲ್ಲದಿದ್ದರೆ ಉಳಿದದ್ದರಲ್ಲಿ ಎಲ್ಲರಿಗಿಂತ ಮುಂದೆ ಹೋಗಬಲ್ಲೆನೆಂದೂ ಬಿಡಿಸಿ ಹೇಳಿದ.

ಅಯ್ಯನವರು ಪೂರ್ವಾಶ್ರಮದಲ್ಲಿ ಮೀನು ಹಿಡಿಯುವ ಗಾಳದ ಕೋಲು ಮಾಡುತ್ತಿದ್ದವರು. ನೂಲು ಎಳೆದೆಳೆದು ತೋರುಬೆರಳಿನಲ್ಲಿ ಬಿದ್ದಿದ್ದ ಗೆರೆ ಇನ್ನೂ ಮಾಸಿರಲಿಲ್ಲ. ಆ ಗೆರೆಯನ್ನು ಸವರಿಕೊಳ್ಳುತ್ತ ಅವರು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕೋಲು ಮಾಡುವವನಿದ್ದ. ಕೋಲಿನುದ್ದಕ್ಕೂ ದಾರ ಹಾಯುವ ಉಂಗುರಗಳನ್ನು ಆರಿಸುವುದರಲ್ಲಿ ಅವನದು ಬಲು ಬಿಗಿ ಕೈ. ಒಂದೊಂದು ಉಂಗುರದೊಳಗೂ ಹತ್ತಿಯ ಎಳೆ ಹಾಯಿಸಿ ನೋಡುತ್ತಿದ್ದ. ಎಳೆ ಒಂದಿಷ್ಟು ತಡೆದರೂ, ಕಣ್ಣಿಗೆ ಕಾಣದ ಬಿರುಕಿದೆಯೆಂದು ಅದನ್ನು ಹೊಳೆಗೆ ಎಸೆಯುತ್ತಿದ್ದ. ದಾರ ಸುತ್ತುವ ರಾಟೆಯ ಹತ್ತಿರ ದೊಡ್ಡ ಉಂಗುರ. ತುದಿಗೆ ಹೋದಂತೆ ಚಿಕ್ಕವು, ಹತ್ತಿರ ಹತ್ತಿರ. ಮೊದಲು ಅವನ್ನು ಸಡಿಲವಾಗಿ ಕಟ್ಟುತ್ತಿದ್ದ. ದಾರಕ್ಕೆ ಕಲ್ಲು ತೂಗಿಬಿಟ್ಟು ಕೋಲನ್ನು ಬಾಗಿಸುತ್ತಿದ್ದ. ಬಾಗಿದ ಕೋಲನ್ನು ಬಿಟ್ಟು ದಾರ ಎಲ್ಲಿ ದೂರ ಸರಿಯುತ್ತದೋ ಅಲ್ಲಿಗೆ ಒಂದು ಉಂಗುರ ಜರುಗಿಸುತ್ತಿದ್ದ. ದಾರ ಕೋಲಿನ ಬಾಗನ್ನೇ ಹಿಡಿದು ನಡೆಯಬೇಕು. ಅಲ್ಲಿಯವರೆಗೆ ಉಂಗುರ ಕಟ್ಟಿದ ನೂಲು ಬಿಗಿಯುತ್ತಿರಲಿಲ್ಲ, ಅರಗು ಬಳಿಯುತ್ತಿರಲಿಲ್ಲ.

ಒಬ್ಬ ಗಾಳಗಾರ ಬಂದು ಕೋಲು ಮಾಡಿಸಿದ. ಆ ದಂಡೆಯಲ್ಲಿ ಅವನಷ್ಟು ದೂರ ಗಾಳ ಬೀಸುವವರು ಇರಲಿಲ್ಲ. ಕೋಲನ್ನು ಎತ್ತಿ ನೋಡಿ, ಒಂಬತ್ತು ಉಂಗುರ ತೊಡಿಸಿ ಇದನ್ನೇನು ಮದುವೆಗೆ ಕಳಿಸುತ್ತೀಯಾ ಎಂದು ನಕ್ಕ. ಬೀಸುವಾಗ ದಾರ ಒಂದೊಂದಕ್ಕೂ ಉಜ್ಜುತ್ತದೆ, ತುದಿಯಿಂದ ನಾಲ್ಕನೆಯದನ್ನು ತೆಗೆದರೆ ಎರಡು ಮಾರು ಹೆಚ್ಚು ಹೋಗುತ್ತದೆ ಎಂದ. ಕೋಲಿನವನು ಒಮ್ಮೆ ಬೇಡವೆಂದ. ಗಾಳಗಾರ ಒಪ್ಪಲಿಲ್ಲ. ಎರಡನೆಯ ಸಲ ಕೋಲಿನವನು ಏನೂ ಹೇಳಲಿಲ್ಲ. ನೂಲು ಬಿಚ್ಚಿ, ಉಂಗುರ ತೆಗೆದು, ಆ ಜಾಗವನ್ನು ನುಣ್ಣಗೆ ಉಜ್ಜಿ ಕೊಟ್ಟ.

ಎರಡು ಮಾರಲ್ಲ, ಮೂರು ಮಾರು ಹೆಚ್ಚು ಹೋಯಿತು. ದಂಡೆಯ ಮೇಲಿದ್ದವರು ಬೆರಗಾದರು. ಗಾಳಗಾರ ಕೋಲನ್ನು ಹೆಗಲ ಮೇಲಿಟ್ಟು ಊರೆಲ್ಲ ತಿರುಗಿದ. ಕೋಲು ನೆಟ್ಟಗೆ ಇರುವಷ್ಟು ದಿನ ಯಾರಿಗೂ ಅದರಲ್ಲಿ ಕೊರತೆ ಕಾಣಲಿಲ್ಲ. ಸಣ್ಣ ಮೀನು ಅದನ್ನು ಬಾಗಿಸುವುದಿಲ್ಲ.

ಮೂರನೆಯ ವರ್ಷ, ಆಚೆ ದಡದ ಮಡುವಿನಲ್ಲಿ, ಅವನು ಹುಡುಗನಾಗಿದ್ದಾಗಿನಿಂದ ಕಾದಿದ್ದ ಮೀನು ಗಾಳ ಕಚ್ಚಿತು. ಕೋಲು ಬಾಗಿತು. ಉಂಗುರವಿಲ್ಲದ ಜಾಗದಲ್ಲಿ ದಾರ ಬಾಗನ್ನು ಬಿಟ್ಟು ಬಿಲ್ಲಿನ ಹೆದೆಯಂತೆ ಅಡ್ಡಕ್ಕೆ ನಿಂತಿತು. ಭಾರವೆಲ್ಲ ಅಲ್ಲೇ ಬಿತ್ತು. ಕೋಲು ಅಲ್ಲೇ ಮುರಿಯಿತು. ಮೀನು ತುಂಡನ್ನೂ ದಾರವನ್ನೂ ಎಳೆದುಕೊಂಡು ಮಡುವಿಗೆ ಇಳಿಯಿತು.

ಗಾಳಗಾರ ಉಳಿದ ತುಂಡು ಹಿಡಿದು ಬಂದ. "ನಾನು ಕೇಳಿದೆ ಅನ್ನು, ನಾನು ಮೂರ್ಖ. ಮುರಿಯುತ್ತೆ ಅಂತ ನಿನಗೆ ಗೊತ್ತಿತ್ತಲ್ಲ ಮಾರಾಯ. ಗೊತ್ತಿದ್ದೂ ಯಾಕೆ ತೆಗೆದುಕೊಟ್ಟೆ?"

ಕೋಲಿನವನು ಮಾಡುತ್ತಿದ್ದ ಕೆಲಸದಿಂದ ಕತ್ತೆತ್ತಲಿಲ್ಲ. "ನೀನು ಬೀಸುವುದನ್ನು ನೋಡಿದ್ದೆ. ಬೀಸುವವನಿಗೆ ತಕ್ಕ ಕೋಲು ಕೊಟ್ಟೆ. ನೀನು ಹಿಡಿಯುವವನೂ ಹೌದು ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ."

ಅಯ್ಯನವರು ಕತೆ ನಿಲ್ಲಿಸಿದರು. ಅಡುಗೆಮನೆಯಲ್ಲಿ ಯಾರೋ ಪಾತ್ರೆ ಬೋರಲು ಹಾಕುತ್ತಿದ್ದರು.

ಮರುಳಯ್ಯನಿಗೆ ಎಣ್ಣೆಯ ಡಬ್ಬಿ ನೆನಪಾಯಿತು. ಅದು ಎಷ್ಟು ದಿನ ಆ ಕಟ್ಟೆಯ ಮೇಲೆ ಇತ್ತೋ, ಯಾರು ಹುಡುಕಿಕೊಂಡು ಬಂದು ಅದನ್ನು ಮನೆಗೆ ಒಯ್ದರೋ ಎಂದು ಮೊದಲ ಸಲ ಯೋಚಿಸಿದ. ಆ ಯೋಚನೆಯಲ್ಲೇ ಮೆತ್ತಗಾಗಿ, ಕೈ ಜೋಡಿಸಿದ.

"ಅರ್ಥವಾಯಿತು ಅಯ್ಯನವರೇ. ನಾಳೆ ನನಗೆ ಏಳನ್ನೂ ಕೊಡಿ."

ಅಯ್ಯನವರು ತೋರುಬೆರಳಿನ ಗೆರೆಯಿಂದ ಕೈ ತೆಗೆದರು.

"ಬೇಡಪ್ಪ, ನಿನಗೆ ಆರೇ ಸಾಕು."

ಮರುಳಯ್ಯ ಎದ್ದು ಒಳಗೆ ಹೋದ. ಚಾಪೆ ಸುತ್ತಿದ. ಎರಡು ಪಂಚೆ, ಒಂದು ಲೋಟ, ದೀಕ್ಷೆಗೆಂದು ತೆಗೆದಿಟ್ಟಿದ್ದ ಹೊಸ ಬಟ್ಟೆ. ಹೊಸ ಬಟ್ಟೆಯನ್ನು ಮಾತ್ರ ಮಡಿಸಿ ಗೂಟದ ಮೇಲೆಯೇ ಬಿಟ್ಟ. ಉಳಿದದ್ದನ್ನು ಚೀಲಕ್ಕೆ ತುಂಬಿದ. ಹೊರಗೆ ಹೋಗಲು ಜಗಲಿಯನ್ನು ದಾಟಬೇಕಿತ್ತು, ಅಯ್ಯನವರು ಅಲ್ಲೇ ಕೂತಿದ್ದರು. ಚೀಲದ ಬಾಯಿಗೆ ದಾರ ಬಿಗಿದು, ಹಿತ್ತಿಲ ಬಾಗಿಲ ಅಗಳಿಯನ್ನು ಸದ್ದಾಗದಂತೆ ಸರಿಸಿದ.