ಮೊಳೆ ಬಿಡದ ಟೈರು

ಆಯುಧಪೂಜೆಯ ದಿನ ಜಲಜಾಕ್ಷಮ್ಮ ತಮ್ಮ ಕಾರಿನ ನಾಲ್ಕು ಚಕ್ರಗಳಿಗೂ ನಿಂಬೆಹಣ್ಣು ಇಟ್ಟು, ಡಿಕ್ಕಿಯಲ್ಲಿದ್ದ ಸ್ಟೆಪ್ನಿಯನ್ನು ಮರೆತೇಬಿಟ್ಟರು. ರಸ್ತೆಯನ್ನೇ ಕಾಣದ ಆ ಹೊಸ ಟೈರಿಗೆ ಅಂದಿನಿಂದ ಹೊಟ್ಟೆಯುರಿ. ಅದರಲ್ಲೂ ಹಿಂಬದಿಯ ಚಕ್ರದಲ್ಲಿ ಸವೆದು ನುಣ್ಣಗಾಗಿದ್ದ ಮುದಿ ಟೈರನ್ನು ಕಂಡರೆ ಆಗುತ್ತಲೇ ಇರಲಿಲ್ಲ.

ಒಂದು ದಿನ ಘಾಟಿ ಇಳಿಯುವಾಗ ಆ ಮುದಿ ಟೈರಿಗೆ ಮೊಳೆ ಹೊಕ್ಕಿತು. ಸ್ಟೆಪ್ನಿಗೆ ಒಳಗೊಳಗೇ ಖುಷಿ.

"ಏನಜ್ಜ, ಚುಚ್ಚಿದ ಮೊಳೆಯನ್ನು ಇನ್ನೂ ಅಪ್ಪಿಕೊಂಡಿದ್ದೀಯಲ್ಲ! ಉಗಿದು ಬಿಸಾಕು, ನೋವಾದರೂ ಹೋಗುತ್ತೆ."

"ನೋವಿನ ಜೊತೆ ಗಾಳಿಯೂ ಹೋಗುತ್ತೆ ಮಗು. ಮುಂದೆ ತಿರುವಿದೆ. ಒಳಗೆ ಬಾಣಂತಿ ಇದ್ದಾಳೆ, ಕೂಸಿದೆ" ಎಂದಿತು ಮುದಿ ಟೈರು.

ಘಾಟಿ ಮುಗಿಯುವವರೆಗೂ ಅದು ಮೊಳೆಯನ್ನು ಕಚ್ಚಿ ಹಿಡಿದೇ ಉರುಳಿತು. ಡಿಕ್ಕಿಯಲ್ಲಿ ಸ್ಟೆಪ್ನಿ ಒಂದೊಂದು ತಿರುವನ್ನೂ ಎಣಿಸುತ್ತಿತ್ತು.

ಕೆಳಗಿನ ಪಂಕ್ಚರ್ ಅಂಗಡಿಯಲ್ಲಿ ಮೊಳೆ ಕಿತ್ತ ಕೂಡಲೇ ಟೈರು ಬುಸ್ಸೆಂದು ಕುಸಿಯಿತು.

"ಪೂರ್ತಿ ಸವೆದಿದೆ ಅಮ್ಮ, ಎಸೆದುಬಿಡಿ" ಎಂದ ಅಂಗಡಿಯವನು.

"ಇಷ್ಟುದ್ದದ ಮೊಳೆ ಹೊತ್ತು ನಮ್ಮನ್ನು ಘಾಟಿ ಇಳಿಸಿದೆಯಪ್ಪ, ಹೇಗೆ ಎಸೆಯಲಿ? ಚಕ್ರಕ್ಕೆ ಸ್ಟೆಪ್ನಿ ಹಾಕು. ಇದಕ್ಕೆ ಪಂಕ್ಚರ್ ಹಾಕಿ ಡಿಕ್ಕಿಯಲ್ಲಿಡು" ಎಂದರು ಜಲಜಾಕ್ಷಮ್ಮ.

ಮರುವರ್ಷದ ಆಯುಧಪೂಜೆಗೆ, ಈಗ ಚಕ್ರವೇರಿದ್ದ ಸ್ಟೆಪ್ನಿಯ ಮುಂದೆಯೂ ನಿಂಬೆಹಣ್ಣು ಬಂತು. ಅದು ಡಿಕ್ಕಿಯ ಕಡೆಗೆ ಮೆಲ್ಲಗೆ ಹೇಳಿತು: "ಅಜ್ಜ, ಈ ಹಣ್ಣು ನಿಮ್ಮದು. ನನಗೂ ಒಂದು ಮೊಳೆ ಚುಚ್ಚಲಿ, ನನ್ನದನ್ನು ಆಮೇಲೆ ಕೇಳ್ತೀನಿ."