ಕೊನೆಗೆ ಬಂದ ಸಾಹೇಬ್ರು

ನಮ್ಮೂರ ಇಸ್ಕೂಲಲ್ಲಿ ನಡೆದದ್ದು, ಕೇಳ್ರಪ್ಪ. ಅವತ್ತು ಮೈದಾನದಲ್ಲಿ ಒಬ್ಬರಿಗೂ ನಿಂತಲ್ಲಿ ನಿಲ್ಲೋಕೆ ಆಗ್ತಿರಲಿಲ್ಲ. ಮಕ್ಕಳ ಆಟದ ಗ್ರೇಡು ನೋಡೋಕೆ ಇಸ್ಕೂಲು ತಪಾಸಣೆಯ ಸಾಹೇಬ್ರು ಬಂದಿದ್ದರು.

"ಏನ್ರೀ ಮೇಷ್ಟ್ರೇ, ಓಟದಲ್ಲಿ ಕಟ್ಟಕಡೆಗೆ ಬಂದ ಈ ದೇವೀರಿಗೆ 'ಎ' ಕೊಟ್ಟಿದ್ದೀರಲ್ಲ!"

"ಸಾರ್, ಹೋದ ತಿಂಗಳು ಅರ್ಧ ಸುತ್ತಿಗೇ ಕೂತುಬಿಡ್ತಿದ್ದಳು. ಈಗ ಪೂರ್ತಿ ಮೂರು ಸುತ್ತು ಓಡ್ತಾಳೆ," ಅಂದರು ಡ್ರಿಲ್ ಮೇಷ್ಟ್ರು.

"ಆ ಕತೆ ಬೇಡ. ಮೊದಲು ಬಂದವರಿಗೆ 'ಎ', ಕೊನೆಗೆ ಬಂದವರಿಗೆ 'ಸಿ'. ಯಾವ ಆಟ ಆದ್ರೂ ಇದೇ ರೂಲು!" ಅಂತ ಸಾಹೇಬ್ರು ಗ್ರೇಡಿನ ಪುಸ್ತಕದಲ್ಲಿ ಬರೆದು ಸಹಿ ಜಡಿದರು.

ದೇವೀರಿ ಲಂಗದ ಅಂಚು ಹಿಂಡುತ್ತಾ, "'ಸಿ' ಆದ್ರೆ ನಾಳೆಯಿಂದ ನಾನು ಓಡಲ್ಲ," ಅಂದಳು.

ಮೇಷ್ಟ್ರು ಕೊರಳಿನ ವಿಷಲ್ಲು ತಿರುಗಿಸುತ್ತಾ ಯೋಚಿಸಿದರು. ಆಮೇಲೆ ಕೈ ಮುಗಿದು, "ಸಾರ್, ಸೈಕಲ್ಲಲ್ಲಿ ತಾವು ಭಾರೀ ಗಟ್ಟಿಗರಂತೆ. ಮಕ್ಕಳ ಜೊತೆ ಒಂದ್ಸಲ ನಿಧಾನ ಸೈಕಲ್ ಓಟ ಆಡಿ," ಅಂದರು.

ಸಾಹೇಬ್ರು ಹಿಗ್ಗಿಹೋದರು. ಪ್ಯಾಂಟು ಮಡಚಿ ಸೈಕಲ್ ಹತ್ತಿದರು. ನಿಮಗೆ ಗೊತ್ತಲ್ಲ, ಆ ಆಟದಲ್ಲಿ ಕಾಲು ನೆಲಕ್ಕೆ ಊರದೆ ಎಲ್ಲರಿಗಿಂತ ಹಿಂದೆ ಉಳಿದವರೇ ಗೆದ್ದಂಗೆ. ಹುಡುಗರೆಲ್ಲ ಗೆರೆ ದಾಟಿದರು. ಸಾಹೇಬ್ರು ಮಾತ್ರ ಅಲ್ಲಾಡುತ್ತಾ, ಬೆವರುತ್ತಾ, ಇರುವೆ ಹಂಗೆ ಬಂದು, "ಗೆದ್ದೆ!" ಅಂತ ಕೂಗಿದರು.

ಮೇಷ್ಟ್ರು ಪುಸ್ತಕ ತೆಗೆದು ಬರೆದರು: ಸಾಹೇಬ್ರು, ಕೊನೆ, 'ಸಿ'.

"ರೀ! ಈ ಆಟ ಅಳೆಯೋ ರೀತಿನೇ ಬೇರೆ ಕಣ್ರೀ!"

"ದೇವೀರಿದೂ ಬೇರೆನೇ ಸಾರ್. ಆದ್ರೆ ರೂಲಿಗೆ ತಮ್ಮ ಸಹಿ ಇದೆಯಲ್ಲ."

ಸಾಹೇಬ್ರು ಎರಡು ಸಲ ಅತ್ತಿತ್ತ ಅಡ್ಡಾಡಿದರು. ಆಮೇಲೆ ಪೆನ್ನು ಕಿತ್ತುಕೊಂಡು ತಮ್ಮ ರೂಲನ್ನು ತಾವೇ ಹೊಡೆದುಹಾಕಿದರು. "ಅವಳ 'ಎ' ಇರಲಿ ಬಿಡ್ರೀ. ಎಲ್ಲಿ ಅವಳು?"

ಅವಳೆಲ್ಲಿ ನಿಂತಿದ್ದಾಳು? ರೂಲು ಹೊಡೆದುಹಾಕಿದ್ದು ಕಂಡದ್ದೇ ತಡ, ನಾಲ್ಕನೇ ಸುತ್ತಿಗೆ ಆಗಲೇ ಓಡಿದ್ದಳು.