ಬತ್ತಿ ಹಚ್ಚದ ಮನೆ

ಶಿಷ್ಯ ಕೇಳಿದ: "ಗುರುಗಳೇ, ವಾಸಿ ಮಾಡಿದವರಿಗೆ ಜನ ಕೈ ಮುಗಿಯುವುದು ಸರಿ. ಏನನ್ನೂ ವಾಸಿ ಮಾಡದವರಿಗೂ ಕೆಲವರು ಕೈ ಮುಗಿಯುತ್ತಾರಲ್ಲ, ಅದು ಯಾಕೆ?"

ವಾಸಿ ಎಂಬ ಮಾತಿನ ಮೇಲೆ ನಿನಗೆ ಬಹಳ ಪ್ರೀತಿ ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ಬೀದಿಯಲ್ಲಿ ಊದುಬತ್ತಿ ಹೊಸೆಯುವ ಒಬ್ಬ ಹೆಂಗಸಿದ್ದಳು. ಅವಳಿಗೆ ಒಬ್ಬಳೇ ಮಗಳು, ಇನ್ನೂ ಚಿಕ್ಕವಳು. ಮಗು ಮಾತಾಡುತ್ತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಈಗಿನವರು ಅದಕ್ಕೆ ಆಟಿಸಂ ಎನ್ನುತ್ತಾರೆ. ಬೀದಿಯವರು ಏನೇನೋ ಎನ್ನುತ್ತಿದ್ದರು, ಅದನ್ನು ನನ್ನ ಬಾಯಲ್ಲಿ ಹೇಳುವುದು ಬೇಡ. ಅದೆಲ್ಲ ತಾಯಿಗೆ ಅಭ್ಯಾಸವಾಗಿಹೋಗಿತ್ತು. ಸಹಿಸಲಾಗದ್ದು ಒಂದೇ. ಪಕ್ಕದ ಮನೆಯಾಕೆ ಕೊಟ್ಟರೆ ತಿನ್ನುವ ಮಗು ತಾಯಿಯ ಕೈಯ ತುತ್ತು ತಿನ್ನುತ್ತಿರಲಿಲ್ಲ. ಹತ್ತಿರ ಕರೆದರೆ ಮುಖ ಆಚೆ ಮಾಡಿ ಹಿತ್ತಿಲಿಗೆ ಓಡುತ್ತಿತ್ತು. ಹೆತ್ತವಳನ್ನೇ ಮಗು ಒಲ್ಲೆನ್ನುತ್ತದೆ ಎಂದು ತಾಯಿ ಒಳಗೊಳಗೇ ಕೊರಗಿದಳು.

ಆ ಮನೆಗೆ ಬಂದುಹೋದವರು ಬಹಳ. ವೈದ್ಯ ಬಂದ, ತಾಯಿತ ಕಟ್ಟುವವನು ಬಂದ, ನೆಂಟರು ಬಂದರು. ಹೊಸಿಲು ದಾಟುತ್ತಲೇ ಎಲ್ಲರೂ ಕೇಳುತ್ತಿದ್ದುದು, ಮಾತು ಬಂತಾ ಎಂದು. ಇಲ್ಲ ಎಂದು ಹೇಳಿ ಹೇಳಿ ತಾಯಿ ಸೋತಳು. ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಳು. ಬಂದವರಿಗೆ ಮರ್ಯಾದೆ ಮಾಡುವುದನ್ನು ಮಾತ್ರ ಬಿಡಲಿಲ್ಲ. ಅತಿಥಿ ಬಂದರೆ ಮನೆಯಲ್ಲಿರುವ ಒಳ್ಳೆಯ ಬತ್ತಿಯನ್ನು ಹಚ್ಚಬೇಕು. ಅದು ಆ ಮನೆಯ ಪದ್ಧತಿ.

ಒಮ್ಮೆ ಮನಶ್ಶಾಸ್ತ್ರದ ಒಬ್ಬ ಸಂಶೋಧಕಿ ಬಂದಳು. ಇಂಥ ಮಕ್ಕಳಿರುವ ಮನೆಗಳಿಗೆ ಹೋಗಿ, ಮನೆಯವರಿಗೆ ಏನು ನೆರವು ಬೇಕೆಂದು ತಿಳಿಯುವುದು ಆಕೆಯ ಕೆಲಸ. ಓದಿದವರು ಬಂದರೆಂದು ತಾಯಿ ಒಂದು ಹಿಡಿ ಬತ್ತಿಯನ್ನೇ ಹಚ್ಚಿಟ್ಟಳು. ಮಗು ಹಿತ್ತಿಲಿಗೆ ಓಡಿತು. ತಾಯಿ ತಲೆ ತಗ್ಗಿಸಿ, ಇನ್ನು ಆ ಪ್ರಶ್ನೆ ಬರುತ್ತದೆ ಎಂದು ಕಾದು ನಿಂತಳು.

ಸಂಶೋಧಕಿ ಅದನ್ನು ಕೇಳಲಿಲ್ಲ. ಹಿತ್ತಿಲಿಗೆ ಹೋಗಿ, ಮಗುವಿನಿಂದ ಸ್ವಲ್ಪ ದೂರದಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತಳು. ಬಹಳ ಹೊತ್ತಾದ ಮೇಲೆ, "ನಿಮ್ಮ ಮಗಳು ಯಾವಾಗ ನೆಮ್ಮದಿಯಾಗಿರ್ತಾಳಮ್ಮ?" ಎಂದಳು.

ಹಾಗೆ ಯಾರೂ ಕೇಳಿರಲಿಲ್ಲ. ತಾಯಿ ಯೋಚಿಸಿ ಯೋಚಿಸಿ ಹೇಳಿದಳು: "ಜಡಿಮಳೆ ಹಿಡ್ಕೊಂಡಾಗ ಮೇಡಂ. ಆಗ ಬತ್ತಿ ಒಣಗಲ್ಲ, ಹೊಸೆಯೋದು ನಿಲ್ಲಿಸ್ತೀನಿ. ಆವಾಗ ಒಂದೊಂದ್ಸಲ ತಾನಾಗೇ ಬಂದು ನನ್ನ ತೊಡೆ ಮೇಲೆ ತಲೆ ಇಡ್ತಾಳೆ."

ಇಷ್ಟು ಹೇಳುತ್ತಲೇ ಅವಳಿಗೆ ಏನೋ ಹೊಳೆಯಿತು. ತನ್ನ ಅಂಗೈಗಳನ್ನು ಮೂಸಿ ನೋಡಿದಳು. ಏನೂ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಊದುಬತ್ತಿಯ ಪರಿಮಳದಲ್ಲೇ ಬೆಳೆದವಳ ಮೂಗಿಗೆ ಅದು ಹೇಗೆ ತಿಳಿದೀತು? ಕೈಗಳನ್ನು ಸಂಶೋಧಕಿಯ ಮುಂದೆ ಚಾಚಿದಳು. ಆಕೆ ಮೂಸಿ ಹೌದೆಂದು ತಲೆಯಾಡಿಸಿದಳು. ನಮಗೆ ಹಿತವಾದ ವಾಸನೆಯೂ ಇಂಥ ಕೆಲವು ಮಕ್ಕಳಿಗೆ ಪೆಟ್ಟಿನ ಹಾಗೆ ತಾಕುತ್ತದೆ, ಮಗು ನಿಮ್ಮಿಂದ ಓಡುತ್ತಿರಲಿಲ್ಲ ಎಂದು ಮೆಲ್ಲಗೆ ತಿಳಿಸಿದಳು. ತಾಯಿ ಗೋಡೆಗೆ ಒರಗಿ ಮನಸಾರೆ ಅತ್ತಳು.

ಆದರೆ ಬತ್ತಿ ಹೊಸೆಯದಿದ್ದರೆ ಆ ಮನೆಯ ಒಲೆ ಉರಿಯುವುದಿಲ್ಲ. ಸಂಶೋಧಕಿ ಅದನ್ನು ಮರೆಯಲಿಲ್ಲ. ಮತ್ತೆ ಮತ್ತೆ ಬಂದಳು. ಆ ಹೆಂಗಸಿನ ಗಂಡನ ಜೊತೆ ಕೂತು ಮಾತಾಡಿದಳು, ಅತ್ತೆಯ ಗೊಣಗಾಟವನ್ನೂ ಪೂರ್ತಿ ಕೇಳಿದಳು, ಬೀದಿಯ ಮನೆಮನೆಗೂ ಹೋಗಿ ಮಗುವಿನ ವಿಷಯ ತಿಳಿಸಿದಳು. ಆಕೆಯಂಥವರು ಇರುವುದು ನಮ್ಮ ಪುಣ್ಯ. ಎದುರು ಮನೆಯವರು ತಮ್ಮ ಜಗಲಿ ಬಿಟ್ಟುಕೊಟ್ಟರು. ಹೊಸೆಯುವ ಮಣೆ ಅಲ್ಲಿಗೆ ಹೋಯಿತು, ಮಣೆಯ ಮುಂದೆ ಗಂಡ ಕೂತ. ತಾಯಿ ಹಿತ್ತಿಲಲ್ಲಿ ಬಿದಿರು ಸೀಳಿ ಕಡ್ಡಿ ಮಾಡತೊಡಗಿದಳು. ಮಧ್ಯಾಹ್ನ ಪಕ್ಕದ ಮನೆಯಾಕೆ ಬಂದು ಮಗುವಿನ ಬಳಿ ಕೂತು, ತಾಯಿಯನ್ನು ಮಲಗಲು ಕಳಿಸುತ್ತಿದ್ದಳು. ಒಂದು ದಿನ ಮಗು ತಾಯಿಯ ಕೈಯಿಂದ ಅನ್ನ ತಿಂದಿತು. ಅಂದು ಆ ಮನೆಯಲ್ಲಿ ಹಬ್ಬ.

ಸಂಶೋಧಕಿಯ ಕೆಲಸ ಮುಗಿಯಿತು. ಹೊರಡುವ ಮುಂಚೆ ಹೇಳಿಹೋಗಲು ಬಂದಳು. ತಾಯಿ ಬತ್ತಿ ಹಚ್ಚಲಿಲ್ಲ. ಅತಿಥಿ ಬಂದಾಗ ಬತ್ತಿ ಹಚ್ಚದೆ ಇದ್ದದ್ದು ಆ ಮನೆಯಲ್ಲಿ ಅದೇ ಮೊದಲು. ಅತ್ತೆಯೂ ಸೇರಿದಂತೆ ಮನೆಯವರೆಲ್ಲ ಎದ್ದು ನಿಂತು ಆಕೆಗೆ ಕೈ ಮುಗಿದರು. ಮಗು ತಾಯಿಯ ಸೆರಗು ಹಿಡಿದು ಅಲ್ಲೇ ನಿಂತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. ಆಮೇಲೆ ಆ ಮಗುವಿಗೆ ಮಾತು ಬಂತೇ ಎಂದು ಕೇಳಿದ.

ಗುರುಗಳು ಹೇಳಿದರು: "ಅದನ್ನು ಕೇಳದೆ ಆ ಹೊಸಿಲು ದಾಟಿದ್ದು ಆಕೆಯೊಬ್ಬಳೇ, ಅದಕ್ಕೇ ಕೈ ಮುಗಿದರು."